ಅರಳೆಯ ಕೆಳಗಿನ ನೆತ್ತಿ

ಕಳೆದ ವರ್ಷ ಬೇಸಿಗೆಯಲ್ಲಿ ನಾನು ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಮಕ್ಕಳ ವಿಭಾಗದ ಹಿರಿಯ ವೈದ್ಯೆಯಾಗಿದ್ದೆ. "ಎಐ ಹಿಂಗ ಹೇಳ್ಯದ್ರೀ ಮೇಡಂ" ಎಂದು ಮೊಬೈಲ್ ಮುಂದೆ ಹಿಡಿಯುವ ತಂದೆತಾಯಂದಿರು ಆಗಲೇ ದಿನಾ ಬರುತ್ತಿದ್ದರು. "ಹಂಗಾದ್ರ ಸೂಜೀನೂ ಅದರ ಕೈಲೇ ಹಾಕಿಸ್ಕೋರಿ" ಎಂದು ಕಾಲೆಳೆಯುತ್ತಿದ್ದೆ. ಅವರೂ ನಗುತ್ತಿದ್ದರು. ಆ ತಮಾಷೆ ನಿಂತದ್ದು ಕಮಲಾಪುರದ ಭಾಗ್ಯಶ್ರೀ ಬಂದ ದಿನ.

ಭಾಗ್ಯಶ್ರೀ ಪಿಯುಸಿ ಓದಿದ ಹುಡುಗಿ. ಗಂಡ ಶರಣು ಕಲಬುರಗಿ ಪಕ್ಕದ ಕಪನೂರಿನ ಬೇಳೆ ಮಿಲ್ಲಿಗೆ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ. ಮನೆಯಲ್ಲಿ ಅತ್ತೆ ಸಿದ್ದಮ್ಮ ಮತ್ತು ಐದು ತಿಂಗಳ ಚೊಚ್ಚಲ ಮಗಳು ಐಶ್ವರ್ಯ.

ಅಂದು ನಸುಕಿನಿಂದಲೇ ಕೂಸಿಗೆ ಭೇದಿ. ಶರಣು ಕೆಲಸಕ್ಕೆ ಹೋದ ಮೇಲೆ ಭಾಗ್ಯಶ್ರೀ ಮೊಬೈಲಿನ ಎಐಯನ್ನು ಕನ್ನಡದಲ್ಲೇ ಕೇಳಿದಳು. ಅದು ಮರಳಿ ಕೇಳಿದ ಪ್ರಶ್ನೆಗಳನ್ನು ಆಮೇಲೆ ನಾನೂ ಓದಿದೆ. ತಪ್ಪು ಹುಡುಕಲು ಆಗಲಿಲ್ಲ. ನೆತ್ತಿಯ ಮೆತ್ತನೆಯ ಭಾಗ ಕುಸಿದಿದೆಯೇ, ಕುಸಿದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ ಎಂದಿತ್ತು. ಮೈಯ ನೀರು ಆರಿದಾಗ ಎಳೆಗೂಸಿನ ನೆತ್ತಿ ಒಳಗಿಳಿಯುತ್ತದೆ. ಡಿಹೈಡ್ರೇಶನ್ ಎಂಬ ಅನುಮಾನ ಬಂದರೆ ನಾವೂ ಮೊದಲು ಅಲ್ಲೇ ಬೆರಳಿಡುತ್ತೇವೆ.

ಆಕೆ ನೆತ್ತಿ ಮುಟ್ಟಿದಳು. ಸಮನಾಗಿತ್ತು. "ಇಲ್ಲ" ಎಂದು ಬರೆದಳು. ಎದೆಹಾಲು ಬಿಡಬೇಡಿ, ಓಆರ್‌ಎಸ್ ಕೊಡಿ, ಸಂಜೆಯೊಳಗೆ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ ಎಂದಿತು ಎಐ. ಗಂಡ ಬರಲಿ ಎಂದು ಅತ್ತೆ ಸೊಸೆ ಕಾದರು.

ಸಂಜೆ ನನ್ನ ಮುಂದೆ ಮಲಗಿಸಿದಾಗ ಕೂಸಿಗೆ ಅಳುವಷ್ಟೂ ತ್ರಾಣ ಇರಲಿಲ್ಲ. ಕುಂಚಿಗೆ ಬಿಚ್ಚಿದೆ. ನೆತ್ತಿಯ ಮೇಲೆ ಔಡಲೆಣ್ಣೆಯಲ್ಲಿ ತೊಯ್ಸಿದ ಅರಳೆ ದಪ್ಪಗೆ ಅಂಟಿಕೊಂಡಿತ್ತು. ನೆತ್ತಿ ಬಿತ್ತೆಂದರೆ ಅದು ಸಮನಾಗುವಷ್ಟು ಎಣ್ಣೆಯರಳೆ ತುಂಬುವುದು ನಮ್ಮ ಕಡೆಯ ಹಿರಿಯರ ರೂಢಿ. ತಂಪಾಗಿ ಮತ್ತೆ ಮೇಲೇಳುತ್ತದೆ ಎಂಬ ನಂಬಿಕೆ. ಸಿದ್ದಮ್ಮ ನಸುಕಿನಲ್ಲೇ ಅದನ್ನು ಮಾಡಿದ್ದಳು. ಅರಳೆ ತೆಗೆದು ಬೆರಳಿಟ್ಟೆ, ಬೆರಳು ಒಳಗಿಳಿಯಿತು. ಪಕ್ಕದಲ್ಲಿ ನಿಂತಿದ್ದ ಭಾಗ್ಯಶ್ರೀ ಅದನ್ನು ನೋಡಿದಳು.

ರಕ್ತನಾಳ ಸಿಗದೆ ಮೊಣಕಾಲ ಕೆಳಗಿನ ಎಲುಬಿಗೇ ಸೂಜಿ ಹಾಕಿ ಸಲೈನ್ ಕೊಟ್ಟೆವು. ಐಶ್ವರ್ಯ ಮರುದಿನ ಮಧ್ಯಾಹ್ನ ತೀರಿಕೊಂಡಳು.

"ಅದು ಕೇಳಿದ್ರ ಇಲ್ಲಂತ ಯಾಕ ಬರದಿ?" ಎಂದು ಶರಣು ಹೆಂಡತಿಯ ಮೇಲೆ ಕೂಗಾಡಿದ. ಆಕೆ ನನ್ನ ಕಡೆ ತಿರುಗಿದಳು. "ಅರಳಿ ಮ್ಯಾಲಿಂದ ಮುಟ್ಟಿ ನೋಡೀನ್ರೀ ಮೇಡಂ. ಸಪಾಟ್ ಇತ್ತು. ನಾ ಸುಳ್ಳ ಬರದಿಲ್ರೀ."

ಗೋಡೆಗೆ ಒರಗಿ ಕೂತಿದ್ದ ಸಿದ್ದಮ್ಮ ಮಗನನ್ನು ತಡೆದಳು. "ಅರಳಿ ಇಟ್ಟಾಕಿ ನಾ. ಆಕಿಗಿ ಏನೂ ಅನಬ್ಯಾಡೋ ಶರಣು, ನನಗ ಅನ್ನು." ಭಾಗ್ಯಶ್ರೀ ಹೋಗಿ ಅತ್ತೆಯ ಪಕ್ಕ ಕುಳಿತು, ಎಣ್ಣೆಯ ವಾಸನೆ ಇನ್ನೂ ಹೋಗದ ಆ ಕೈಯನ್ನು ಹಿಡಿದುಕೊಂಡಳು. ಆಮೇಲೆ ಮೊಬೈಲನ್ನು ನನ್ನತ್ತ ಚಾಚಿದಳು. ಉತ್ತರದ ಕೊನೆಯ ಸಾಲು, 'ಮಗು ಹೇಗಿದೆ ಎಂದು ತಿಳಿಸಿ.'

"ಏನಂತ ಬರೀಲ್ರೀ?" ಎಂದಳು.

ನಾನು ಮೊಬೈಲ್ ತೆಗೆದುಕೊಂಡು ಆ ಪ್ರಶ್ನೆಗಳನ್ನು ಮೊದಲಿನಿಂದ ಓದಿದೆ. ಪ್ರಶ್ನೆ ಸರಿಯಿದ್ದರೂ, ಕೇಳುವವರಿಗೆ ಮನೆಯ ರೂಢಿ ಗೊತ್ತಿಲ್ಲದಿದ್ದರೆ ಕೂಸು ಕೈತಪ್ಪಿ ಹೋಗಬಹುದು ಎಂಬುದನ್ನು ಈ ವೃತ್ತಿ ನನಗೆ ಹೀಗೆ ಕಲಿಸಿತು. ಈಗ ಭೇದಿಯ ಕೂಸಿನ ತಾಯಿ ಫೋನ್ ಮಾಡಿದರೆ, ನೆತ್ತಿಯ ಮೇಲೆ ಏನು ಇಟ್ಟಿದ್ದೀರಿ ಎಂದು ಮೊದಲು ಕೇಳುತ್ತೇನೆ. "ಅರಳಿ ಅದರೀ" ಎಂದರೆ, ತೆಗೆದು, ಒರೆಸಿ, ಆಮೇಲೆ ಮುಟ್ಟಿ ಹೇಳಿ ಎಂದು ಫೋನ್ ಹಿಡಿದೇ ಕಾಯುತ್ತೇನೆ. ಭಾಗ್ಯಶ್ರೀಗೆ ಹಾಗೆ ಯಾರೂ ಹೇಳಿರಲಿಲ್ಲ.