ರೋಹಿದಾಸನ ಬಿಗಿ ಕೈ

ಹಿಟ್ಟು ನಾದುವುದರಲ್ಲಿ ರೋಹಿದಾಸನನ್ನು ಮೀರಿಸುವವರು ಇಡೀ ಕುವೈತಿನಲ್ಲೇ ಇರಲಿಲ್ಲ. ಹೀಗೆಂದು ಹೇಳುತ್ತಿದ್ದವನು ರೋಹಿದಾಸನೇ ಆದರೂ ಅದರಲ್ಲಿ ಸುಳ್ಳೇನೂ ಇಲ್ಲ ಬಿಡಿ. ಪಾತ್ರೆ ತೊಳೆಯಲು ಹೋಟೆಲಿಗೆ ಸೇರಿದವನು ರಟ್ಟೆಯ ಬಲದಿಂದಲೇ ಬೇಕರಿ ವಿಭಾಗಕ್ಕೆ ಏರಿದ್ದ. ಬನ್ನಾಗಲಿ, ಅರಬರ ರೊಟ್ಟಿ ಖುಬೂಸಾಗಲಿ, ಹಿಟ್ಟನ್ನು ಬೆರಳಿನಿಂದ ಒತ್ತಿ ನೋಡಿ ಅವನು ‘ಆಯ್ತು’ ಎಂದರೆ ಆಯ್ತು.

ಅಂಥವನ ಮುಂದೆ ಹೊಸ ಶೆಫ್ ಸೈಮನ್ ಒಂದು ಫೋಟೋ ಹಿಡಿದ. ಸೈಮನ್ ಮಂಗಳೂರಿನವನೇ, ಹಡಗಿನಲ್ಲಿ ಅಡುಗೆ ಮಾಡಿ ಬಂದವನು.

“ರೋಹಿದಾಸಣ್ಣ, ಇದಕ್ಕೆ ಹಲ್ಲಾ ಅಂತ ಹೇಳುದು. ಯಹೂದಿಯರ ಬ್ರೆಡ್. ಮೊಟ್ಟೆ ಹಾಕಿ ನಾದಿ, ಜಡೆಯ ಹಾಗೆ ಹೆಣೀಬೇಕು. ಶನಿವಾರ ಒಂದು ಮಾಡಿ ತೋರಿಸಿ. ಬೇಜಾರು ಮಾಡ್ಬೇಡಿ, ಆಗದಿದ್ರೆ ಹೊಸಬರನ್ನು ತಗೊಳ್ಳಿಕ್ಕೆ ಮೇಲಿನವರು ಹೇಳಿದ್ದಾರೆ. ನೀವು ಪುನಃ ಪಾತ್ರೆ ಸೆಕ್ಷನ್ನಿಗೆ.”

“ಒಂದು ಯಾಕೆ, ಹತ್ತು ಮಾಡ್ತೇನೆ,” ಎಂದ ರೋಹಿದಾಸ. ಪಾತ್ರೆ ಸೆಕ್ಷನ್ ಎಂಬ ಮಾತು ಕೇಳಿಸದವನಂತೆ ಫೋಟೋವನ್ನು ಜೇಬಿಗೆ ಹಾಕಿಕೊಂಡ.

ಶುಕ್ರವಾರ ರಜೆ. ಬ್ನೇದ್ ಅಲ್ ಗಾರ್ ಬಡಾವಣೆಯ ತನ್ನ ಫ್ಲ್ಯಾಟಿನಲ್ಲಿ ಬೆಳಿಗ್ಗೆಯೇ ಹಿಟ್ಟು ಕಲಸಿದ. ಅದಕ್ಕೇನು ಕಮ್ಮಿ, ಮಗುವಿನ ಕೆನ್ನೆಯ ಹಾಗೆ ಉಬ್ಬಿತ್ತು. ಎಳೆಗಳನ್ನು ಹೊಸೆದು, ಹೆಣೆದು, ಓವನ್ನಿಗೆ ಇಟ್ಟ. ಹೊರಗೆ ತೆಗೆದರೆ, ಅಯ್ಯೋ ದೇವರೇ! ಬ್ರೆಡ್ಡಿನ ಪಕ್ಕೆ ಬಿರಿದು, ಹೆಣಿಗೆಯೆಲ್ಲ ಹರಿದುಹೋಗಿತ್ತು. “ಈ ಓವನ್ ಸರಿ ಇಲ್ಲ,” ಎಂದ. ಎರಡನೆಯದೂ ಬಿರಿದಾಗ ಮೈದಾಕ್ಕೆ ಬೈದ. ಮೂರನೆಯದಕ್ಕೆ ಬೈಯಲು ಏನೂ ಉಳಿದಿರಲಿಲ್ಲ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ಸುಗಂಧಿಗೆ ನಗು ತಡೆಯಲಾಗಲಿಲ್ಲ. “ಅಲ್ಲ ಮಾರಾಯ್ರೆ, ನೀವು ಎಂತ, ಅಕ್ಕಿಮುಡಿ ಕಟ್ತಾ ಇದ್ದೀರಾ?”

ಸರಿಯಾಗಿ ಹಿಡಿದಿದ್ದಳು. ಊರಿನಲ್ಲಿ ಹರೆಯದ ರೋಹಿದಾಸ ಮುಡಿ ಕಟ್ಟುವುದರಲ್ಲಿ ನಿಸ್ಸೀಮ. ಬೈಹುಲ್ಲಿನೊಳಗೆ ಅಕ್ಕಿ ತುಂಬಿ, ಕಾಲಲ್ಲಿ ಒದ್ದು ಹಿಡಿದು ಹಗ್ಗ ಬಿಗಿದನೆಂದರೆ ಒಂದು ಕಾಳೂ ಹೊರಗೆ ಬೀಳುತ್ತಿರಲಿಲ್ಲ. ಎಳೆ ಕೈಗೆ ಸಿಕ್ಕಿದರೆ ಜಗ್ಗಿ ಬಿಗಿಯುವುದೊಂದೇ ಆ ಕೈಗೆ ಗೊತ್ತು.

“ಓವನ್ನಿನಲ್ಲಿ ಅದಕ್ಕೆ ಉಬ್ಬಲಿಕ್ಕೆ ಜಾಗ ಬೇಡ್ವಾ? ಮಗಳ ಜಡೆ ಹೆಣೆದ ಹಾಗೆ ಹೆಣೀರಿ.”

“ನಾನು ಯಾವಾಗ ಹೆಣೆದದ್ದು?”

“ಅದನ್ನೇ ನಾನೂ ಕೇಳುದು.”

ಮಗಳು ಅಕ್ಷಿತಾ ಏಳುವ ಮೊದಲೇ ಹೋಟೆಲಿನ ಮೊದಲ ಬಸ್ಸು ಹತ್ತುವವನು ರೋಹಿದಾಸ. ಅವಳು ಹುಟ್ಟಿದಾಗಿನಿಂದಲೂ ಅದೇ ಡ್ಯೂಟಿ.

“ಅಕ್ಷೀ, ಬಾ ಇಲ್ಲಿ. ಪಪ್ಪನಿಗೆ ನಿನ್ನ ತಲೆ ಬೇಕಂತೆ!” ಎಂದು ಸುಗಂಧಿ ಕೂಗಿದಳು.

ಆರನೇ ಕ್ಲಾಸಿನ ಅಕ್ಷಿತಾ ಬಾಚಣಿಗೆ ಹಿಡಿದು ಬಂದು, ಅಪ್ಪನಿಗೆ ಬೆನ್ನು ಮಾಡಿ ಕೂತಳು. ಕೈ ತೊಳೆದು ಬಂದ ರೋಹಿದಾಸ ಕೂದಲನ್ನು ಮೂರು ಪಾಲು ಮಾಡಿ ಒಂದು ಎಳೆ ಜಗ್ಗಿದನೋ ಇಲ್ಲವೋ, “ಔಚ್! ಪಪ್ಪಾ, ಟೂ ಟೈಟ್!”

ಕಾದ ತಟ್ಟೆ ಮುಟ್ಟಿದವನಂತೆ ಕೈಬಿಟ್ಟ. ಪಾಪ, ಹಿಟ್ಟಿಗೆ ಬಾಯಿ ಇರಲಿಲ್ಲ, ಇವಳಿಗಿತ್ತು. ಮಗಳ ಕೂದಲು ಇಷ್ಟು ಉದ್ದ ಬೆಳೆದದ್ದು ಯಾವಾಗ? ಪುನಃ ಹಿಡಿದ, ಈ ಸಲ ಬೆರಳ ತುದಿಯಲ್ಲಿ.

“ಈಗ ನೋವುಂಟಾ?”

“ನೋ. ಡೋಂಟ್ ಸ್ಟಾಪ್.”

ನಾಲ್ಕನೆಯ ಬ್ರೆಡ್ಡು ಬಿರಿಯಲಿಲ್ಲ. ಸಂಜೆ ಚಹಾದ ಜೊತೆ ಮೂವರೂ ಕೂತು ತಿಂದು ಮುಗಿಸಿದರು.

ಶನಿವಾರ ಸೈಮನ್, ರೋಹಿದಾಸ ಮಾಡಿದ ಹಲ್ಲಾವನ್ನು ಮಗುಚಿ, ತಳ ತಟ್ಟಿ, ಹೊಳೆಯುವ ಹೆಣಿಗೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. “ಖಲಾಸ್, ಇನ್ನು ಹೊಸಬರ ಮಾತೇ ಇಲ್ಲ. ಯಾರು ಕಲಿಸಿದ್ದು ಅಣ್ಣ?”

“ನನ್ನ ಮಗಳು,” ಎಂದ, ತನ್ನ ರಟ್ಟೆಯನ್ನಲ್ಲದೆ ಇನ್ನೊಬ್ಬರನ್ನು ಹೊಗಳಿ ಗೊತ್ತಿಲ್ಲದ ರೋಹಿದಾಸ. ಆಮೇಲೆ ಏಪ್ರನ್ನಿಗೆ ಕೈ ಒರೆಸಿಕೊಂಡು, “ಸೈಮನ್, ನಾಳೆಯಿಂದ ನನಗೆ ಎರಡನೇ ಬಸ್ಸಿನ ಡ್ಯೂಟಿ ಹಾಕಿ,” ಎಂದ.

“ಬೇಕಾದ್ರೆ ಹಾಕುವ. ಯಾಕೆ?”

“ಬೆಳಿಗ್ಗೆ ಮಗಳಿಗೆ ಶಾಲೆ ಉಂಟಲ್ಲ ಮಾರಾಯ. ಜಡೆ ಹಾಕ್ಬೇಕು.”