ಕೆಂಪು ಮೊಲ ಮತ್ತು ಒಂದೇ ಮಾತಿನ ಕಪ್ಪೆ

ಇವತ್ತು ಬೆಳಿಗ್ಗೆ ಮೊಮ್ಮಗಳ ಬಿಳಿ ಕಾಲುಚೀಲ ಒಗೆಯಲು ಕೂತಿದ್ದೆ. ನಿನ್ನೆ ಶಾಲೆಯವರು ಮಕ್ಕಳನ್ನು ಸಂಡೂರಿನ ಗುಡ್ಡ ತೋರಿಸಲು ಕರೆದುಕೊಂಡು ಹೋಗಿದ್ದರು. ಎಷ್ಟು ಸಲ ಹಿಂಡಿದರೂ ಬಕೆಟ್ಟಿನ ನೀರು ಕೆಂಪು. ನಮ್ಮ ಕಡೆಯ ಅದಿರಿನ ದೂಳಿನ ಪರಿಚಯ ನಿಮಗಿಲ್ಲದಿದ್ದರೆ ಹೇಳಿಬಿಡುತ್ತೇನೆ, ಅದು ಬಾಡಿಗೆಯವರ ಹಾಗೆ ಬಂದು ಹೋಗುವುದಲ್ಲ, ಮನೆಯವರ ಹಾಗೆ ಇದ್ದುಬಿಡುವುದು. ಕಾಲುಚೀಲ ಹಿಡಿದು ಕೂತವನಿಗೆ ಅಕ್ಕನ ಮೊಲ ನೆನಪಾಯಿತು.

ನನಗಿನ್ನೂ ಕೆಲಸ ಸಿಗದಿದ್ದ ಕಾಲದಲ್ಲಿ ಹೊಸಪೇಟೆಯ ಕೇಬಲ್ ಟಿವಿಯಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳ ಕಾರ್ಯಕ್ರಮವೊಂದು ನೇರವಾಗಿ ಬರುತ್ತಿತ್ತು. ಒಂದು ಬಿಳಿ ಮೊಲ, ಒಂದು ಹಸಿರು ಕಪ್ಪೆ. ಎರಡೂ ನನ್ನ ಅಕ್ಕ ಗೌರಿ ಹೊಲಿದ ಕೈಗೊಂಬೆಗಳು. ಪಾಪಿನಾಯಕನಹಳ್ಳಿಯ ನಮ್ಮ ಮನೆಯಲ್ಲಿ ಅವಳು ಊರವರ ರವಿಕೆ ಹೊಲಿಯುತ್ತ, ಹೊಲಿಯುತ್ತಲೇ ಹಾಡು ಕಟ್ಟುತ್ತಿದ್ದಳು. ಮೇಜಿನ ಹಿಂದೆ ಅಡಗಿ ಕೂತು ಮೊಲವನ್ನು ಕುಣಿಸುತ್ತ ಹಾಡುವುದು ಅವಳ ಕೆಲಸ. ಕಪ್ಪೆ ನನ್ನದು. ಮೊಲದ ಹಾಡು ಮುಗಿದಾಗ ಕಪ್ಪೆ ‘ಹೌದ್ಹೌದು’ ಅನ್ನಬೇಕು, ಅಷ್ಟೇ. ಮೀಸೆ ಬಂದು, ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದ ನಾನು ಅದನ್ನೂ ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಹೋಗುತ್ತಿದ್ದೆ. ನಗಬೇಡಿ.

ಒಮ್ಮೆ ಕೇಬಲ್ಲಿನ ಮಾಲೀಕ ಶೇಖರಪ್ಪ ಅಕ್ಕನನ್ನು ಕರೆದ. “ಮಂದಿ ಕಾರ್ಟೂನ್ ಕೇಳಾಕತ್ತಾರವ್ವ. ಬರೋ ಭಾನುವಾರ ಒಂದು ನೋಡ್ತೀನಿ. ಹುಡುಗರ ಫೋನ್ ಬರ್ಲಿಲ್ಲಂದ್ರ ನಿಮ್ಮ ಮೊಲಕ್ಕ ರಜಾ.” ಅಕ್ಕ ಆ ವಾರ ಸರಿಯಾಗಿ ಊಟ ಮಾಡಲಿಲ್ಲ. ರವಿಕೆ ಹೊಲಿಯುವವರು ಊರಲ್ಲಿ ಬೇಕಾದಷ್ಟು ಮಂದಿ ಇದ್ದರು, ಮೊಲವಾಗಿ ಹಾಡುವವಳು ಅವಳೊಬ್ಬಳೇ.

ಅವ್ವನಿಗೂ ಚಿಂತೆ ಹತ್ತಿತು. ಮೊಲ ಫಳಫಳ ಅನ್ನಲಿ ಎಂದು ಭಾನುವಾರ ನಸುಕಿನಲ್ಲಿ ಅದನ್ನು ಒಗೆದಳು. ನಮ್ಮೂರಲ್ಲಿ ಬಿಳಿ ಬಟ್ಟೆಯನ್ನು ಹಿತ್ತಿಲಲ್ಲೇ ಒಣಹಾಕುತ್ತಾರೆ. ರಸ್ತೆ ಕಡೆ ಹಾಕಿದರೆ ಅದಿರಿನ ಲಾರಿಗಳು ಬಣ್ಣ ಬಳಿದು ಹೋಗುತ್ತವೆ. ನಮಗೆ ಇದನ್ನು ಕಲಿಸಿದವಳೇ ಅವ್ವ. ಆದರೂ ಅವತ್ತು ಮೊಲವನ್ನು ಕಿವಿ ಹಿಡಿದು ರಸ್ತೆ ಕಡೆಯ ತಂತಿಗೇ ನೇತುಹಾಕಿದಳು. ಯಾಕೆಂದು ಆಮೇಲೆ ಕೇಳಿದ್ದಕ್ಕೆ, “ಟಿವಿ ಮೊಲ ಯಾರ ಮನ್ಯಾಗ ಐತಿ ಅಂತ ನಾಕ್ ಮಂದಿ ನೋಡ್ಲಿ ಅಂತ ಹಾಕಿದ್ನಲೇ” ಅಂದಳು. ಬಸ್ಸಿಗೆ ಹೊರಡುವಾಗ ನೋಡಿದರೆ ಮೊಲ ಕಿವಿಯಿಂದ ಬಾಲದವರೆಗೆ ಕೆಂಪಾಗಿತ್ತು. ಮತ್ತೆ ಒಗೆಯಲು ಹೊತ್ತಿರಲಿಲ್ಲ. ಅವ್ವ ಬಾಯಿಗೆ ಸೆರಗು ಇಟ್ಟುಕೊಂಡು ನಿಂತಳು. ಅಕ್ಕ ಮೊಲವನ್ನು ಕೊಡವಿ ಚೀಲಕ್ಕೆ ಹಾಕಿಕೊಂಡಳು.

“ಇದನ್ನ ಹೆಂಗ ತೋರ್ಸೋದು? ಬ್ಯಾಡ ಬಿಡ್ರಿ” ಅಂದ ಹೊಸಪೇಟೆಯಲ್ಲಿ ಮೊಲ ನೋಡಿದ ಶೇಖರಪ್ಪ.

“ಹಾಡಾಕಿ ನಾನ್ರಿ. ನನ್ನ ದನಿಗೇನೂ ದೂಳು ಹತ್ತಿಲ್ಲ” ಅಂದು ಅಕ್ಕ ಮೇಜಿನ ಹಿಂದೆ ಕೂತೇಬಿಟ್ಟಳು. ಅವತ್ತಿನ ಹಾಡನ್ನು ಅವಳು ಅಲ್ಲೇ ಕಟ್ಟಿದಳು.

‘ಬಿಳಿ ಮೊಲ ಎಲ್ಲಿ ಅಂತೀರಿ, ಸಂಡೂರ ಗುಡ್ಡ ನೋಡೀನಿ,
ಕೆಂಪ ಅಂಗಿ ಭಾಳ ಬೇಕಿತ್ತು, ಮಣ್ಣಾಗ ಉಳ್ಳಾಡೀನಿ.’

ಕಪ್ಪೆ ಕೇಳುತ್ತಾ ಮೈಮರೆತು ಸುಮ್ಮನಿತ್ತು. ಅಕ್ಕನ ಮೊಣಕೈ ಪಕ್ಕೆಗೆ ಬಿದ್ದ ಮೇಲೆ ‘ಹೌದ್ಹೌದು’ ಅಂದಿತು. ಅಷ್ಟರಲ್ಲಿ ಫೋನ್ ಬಂತು. ಗಾದಿಗನೂರಿನ ಒಬ್ಬ ಪುಟ್ಟ ಹುಡುಗಿ.

“ಮೊಲಕ್ಕ, ನಮ್ಮಪ್ಪ ಗಣಿಯಿಂದ ಬಂದಾಗ ಹಿಂಗಾ ಇರ್ತಾನ. ನೀನೂ ಅಲ್ಲೇ ಕೆಲಸಕ್ಕ ಹೋಗ್ತಿಯೇನು?”

ಅಕ್ಕ ಮೊಲದ ತಲೆಯನ್ನು ಮೇಲೆ ಕೆಳಗೆ ಆಡಿಸಿದಳು. ಆಮೇಲೆ ಮೊಲ ಹೇಳಿತು, “ಹೌದವ್ವ, ನಿಮ್ಮಪ್ಪನ ಜೊತಿಗೇ. ಅವ್ರಿಗೊಂದು ಹಾಡು ಹಾಡ್ಲೇನು?”

ಅಲ್ಲಿಂದ ಫೋನಿಗೆ ಬಿಡುವೇ ಇರಲಿಲ್ಲ. ಒಬ್ಬನಿಗೆ ಅಪ್ಪನ ಹಾಡು, ಇನ್ನೊಬ್ಬಳಿಗೆ ಲಾರಿ ಓಡಿಸುವ ಮಾವನ ಹಾಡು. ಶೇಖರಪ್ಪ ಕಾರ್ಟೂನಿನ ಮಾತನ್ನು ಮತ್ತೆ ಎತ್ತಲಿಲ್ಲ. ಅಕ್ಕ ಆ ಮೊಲವನ್ನು ಮತ್ತೆ ಯಾರಿಗೂ ಒಗೆಯಲು ಬಿಡಲಿಲ್ಲ. ಇವಳು ನನ್ನ ಅಕ್ಕ ಎಂದು ಅವತ್ತು ಉಬ್ಬಿದ ಎದೆ ಇನ್ನೂ ಇಳಿದಿಲ್ಲ ನೋಡಿ. ಮುಂದೆ ಕೆಲಸ ಸಿಕ್ಕಿ ಬ್ಯಾಂಕಿನ ಕೌಂಟರಿನಲ್ಲಿ ಕೂತಾಗಲೂ ನನ್ನ ಹೆಸರು ಯಾರಿಗೂ ಬೇಕಿರಲಿಲ್ಲ. “ನೀವು ಮೊಲದಕ್ಕನ ತಮ್ಮ ಅಲ್ಲೇನ್ರಿ, ಕಪ್ಪಿ?” ಎಂದೇ ಕೇಳುತ್ತಿದ್ದರು. ಬಿಗುಮಾನದಿಂದ ತಲೆಯಾಡಿಸುತ್ತಿದ್ದೆ, ಒಳಗೆ ಹಿಗ್ಗು.

ಇದನ್ನೆಲ್ಲ ಕೇಳಿದ ಮೊಮ್ಮಗಳು ಒಂದು ಒದ್ದೆ ಕಾಲುಚೀಲದೊಳಗೆ ಕೈ ತೂರಿಸಿ, ಕಂಪ್ಲಿಯಲ್ಲಿರುವ ಅಕ್ಕನಿಗೆ ವಿಡಿಯೊ ಕಾಲ್ ಮಾಡಿಸಿದಳು. ಅಕ್ಕನ ದನಿ ಈಗ ಒಡೆದಿದೆ. ಆದರೂ ಮಗುವಿನ ಕೈ ನೋಡುತ್ತ ಅದೇ ಎರಡು ಸಾಲು ಹಾಡಿ ನಿಲ್ಲಿಸಿದಳು. “ಕಪ್ಪಿ ಎಲ್ಲಿ ಹೋತಲೇ?”

‘ಹೌದ್ಹೌದು’ ಅಂದೆ. ಅಭ್ಯಾಸವೇನೂ ಬೇಕಾಗಲಿಲ್ಲ.

ಆಮೇಲೆ ಆ ಕೆಂಪು ಕಾಲುಚೀಲಗಳನ್ನು ಹಿತ್ತಿಲಿಗೆ ಒಯ್ಯಲಿಲ್ಲ. ರಸ್ತೆ ಕಡೆಯ ತಂತಿಗೆ ಹಾಕಿದೆ, ನಾಲ್ಕು ಮಂದಿ ನೋಡಲಿ ಎಂದು.