ನಾಲ್ಕೂಮುಕ್ಕಾಲರ ಫೋನು

ಆ ಉತ್ತರಪತ್ರಿಕೆಯನ್ನು ನಾನು ಮೂರು ಸಲ ತಿರುವಿಹಾಕಿದೆ. ಮೊದಲ ಪುಟದಲ್ಲಿ ಹೆಸರು, ಕ್ರಮಸಂಖ್ಯೆ, ವಿಷಯ ಗಣಿತ. ಎಲ್ಲ ಮುದ್ದಾದ ಅಕ್ಷರದಲ್ಲಿತ್ತು. ಒಳಗೆ ಪ್ರತಿ ಪುಟಕ್ಕೂ ಸ್ಕೇಲಿಟ್ಟು ಪೆನ್ಸಿಲ್ಲಿನಲ್ಲಿ ಅಂಚುಗೆರೆ ಎಳೆದಿತ್ತು. ಅಷ್ಟೇ. ಎಂಬತ್ತು ಅಂಕದ ಪತ್ರಿಕೆಯಲ್ಲಿ ಒಂದೇ ಒಂದು ಲೆಕ್ಕವೂ ಇರಲಿಲ್ಲ.

ಹಾಳೆ ಅದಲುಬದಲಾಗಿದೆ ಎಂದುಕೊಂಡೆ. ಕಟ್ಟಿನಲ್ಲಿದ್ದ ಉಳಿದ ಪತ್ರಿಕೆಗಳನ್ನೆಲ್ಲ ಬಿಡಿಸಿ ನೋಡಿದೆ. ಅದಲುಬದಲಾಗಿರಲಿಲ್ಲ. ಅದು ಅವಳದೇ ಪತ್ರಿಕೆ. ನಮ್ಮ ಹತ್ತನೆಯ ತರಗತಿಯ ಮೊದಲ ಬೆಂಚಿನ ಮೊದಲ ಹುಡುಗಿಯದು.

ನಾನು ಮದ್ದೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಮೇಡಂ. ಮನೆ ಮಂಡ್ಯದಲ್ಲಿ. ದಿನಾ ಬಸ್ಸಿನಲ್ಲಿ ಓಡಾಟ. ನನ್ನ ತರಗತಿಯಲ್ಲಿ ಮಕ್ಕಳು ಕೂರುತ್ತಿದ್ದದ್ದು ಅಂಕದ ಪ್ರಕಾರ. ಹಿಂದಿನ ಪರೀಕ್ಷೆಯಲ್ಲಿ ಹೆಚ್ಚು ತೆಗೆದವರು ಮುಂದೆ, ಕಡಿಮೆ ತೆಗೆದವರು ಹಿಂದೆ. ಅದು ನನ್ನದೇ ಏರ್ಪಾಡು. ಇನ್ನೊಂದು ಏರ್ಪಾಡಿನ ಬಗ್ಗೆ ನನಗೆ ಇದಕ್ಕಿಂತಲೂ ಹೆಮ್ಮೆಯಿತ್ತು. ದಸರಾ ರಜೆ ಮುಗಿದ ಮೇಲೆ ಪ್ರತಿದಿನ ಬೆಳಗಿನ ಜಾವ ನಾಲ್ಕೂಮುಕ್ಕಾಲಕ್ಕೆ ನಾನೇ ಎದ್ದು, ಒಂದೊಂದಾಗಿ ಹದಿನೈದು ಮಕ್ಕಳ ಮನೆಗೆ ಫೋನು ಮಾಡುತ್ತಿದ್ದೆ. "ಎದ್ದಿದ್ದೀಯಾ? ಮುಖ ತೊಳೆದ್ಯಾ? ಪುಸ್ತಕ ತೆಗಿ." ಅಷ್ಟೇ ಮಾತು. ತಾಲ್ಲೂಕಿನ ಶಿಕ್ಷಕರ ಸಭೆಯಲ್ಲಿ ನನ್ನನ್ನು ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸಿದ್ದರು.

ಈ ಹುಡುಗಿ ಮಾತ್ರ ಫೋನು ಒಂದು ಸಲ ಪೂರ್ತಿ ರಿಂಗಾಗುವುದಕ್ಕೂ ಬಿಡುತ್ತಿರಲಿಲ್ಲ. ಅರ್ಧ ರಿಂಗಿಗೇ ಎತ್ತಿ, "ಎದ್ದಿದ್ದೀನಿ ಮಿಸ್" ಎನ್ನುತ್ತಿದ್ದಳು. "ನೋಡ್ರೋ, ಶಿಸ್ತು ಅಂದ್ರೆ ಇದು" ಎಂದು ಅವಳನ್ನು ತೋರಿಸಿ ಇತರರನ್ನು ಎಷ್ಟು ಸಲ ಹಂಗಿಸಿದ್ದೇನೋ ಲೆಕ್ಕವಿಲ್ಲ.

ಆ ಖಾಲಿ ಪತ್ರಿಕೆಯನ್ನು ಮುಖ್ಯೋಪಾಧ್ಯಾಯರ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ಸೊನ್ನೆ ಹಾಕ್ಬೇಡಿ ಮೇಡಂ. ಇದು ಹೊರಗೆ ಹೋಗೋದು ಬೇಡ. ಮನೇಲಿ ಏನೋ ಗಲಾಟೆ ಇರ್ಬೇಕು. ಕರೆದು ಇನ್ನೊಂದ್ಸಲ ಬರೆಸಿಬಿಡಿ."

ಕರೆದೆ. ಬಂದು ನಿಂತಳು. ಪತ್ರಿಕೆ ಮುಂದೆ ಹಿಡಿದು, "ಏನಿದು?" ಎಂದೆ. ನನ್ನ ದನಿಯಲ್ಲಿ ಇದ್ದದ್ದು ಕೋಪವೇ. ಕಾಳಜಿ ಇತ್ತು ಎಂದು ಈಗ ಹೇಳಿಕೊಳ್ಳಬಹುದು, ಆದರೆ ಇರಲಿಲ್ಲ.

"ಎಲ್ಲಾ ಗೊತ್ತಿತ್ತು ಮಿಸ್. ಕೈ ಓಡ್ಲಿಲ್ಲ."

"ಓಡ್ಲಿಲ್ಲ ಅಂದ್ರೆ?"

ಅವಳು ಎರಡೂ ಕೈಗಳನ್ನು ಮುಂದೆ ಚಾಚಿ ತೋರಿಸಿದಳು. ಎರಡೂ ನಡುಗುತ್ತಿದ್ದವು. ಹದಿನೈದು ವರ್ಷದ ಹುಡುಗಿಯ ಕೈ, ತೊಂಬತ್ತರ ಮುದುಕಿಯ ಕೈಯ ಹಾಗೆ. ಆಗಲೇ ನಾನು ಅವಳ ಮುಖವನ್ನು ಸರಿಯಾಗಿ ನೋಡಿದ್ದು. ಕಣ್ಣಿನ ಸುತ್ತ ಕಪ್ಪುಗಟ್ಟಿತ್ತು. ಕೆನ್ನೆ ಒಳಗೆ ಹೋಗಿತ್ತು. ದಿನಾ ಮೊದಲ ಬೆಂಚಿನಲ್ಲಿ ನನ್ನ ಎದುರಿಗೇ ಕೂತಿದ್ದವಳು.

ಅವತ್ತು ಶಾಲೆ ಬಿಟ್ಟ ಮೇಲೆ ಅವಳ ಜೊತೆಯಲ್ಲೇ ಅವಳ ಮನೆಗೆ ಹೋದೆ. ಅವಳ ಅಪ್ಪ ನಿಡಘಟ್ಟದ ಕಡೆ ಹಳೇ ರಸ್ತೆಯ ಪಕ್ಕ ಬೈಕ್ ರಿಪೇರಿ ಅಂಗಡಿ ಇಟ್ಟಿದ್ದರು. ಅಂಗಡಿಯ ಹಿಂದೆಯೇ ಮನೆ. ತಾಯಿ ಗಾರ್ಮೆಂಟ್ಸ್ ಕೆಲಸದಿಂದ ಇನ್ನೂ ಬಂದಿರಲಿಲ್ಲ. ಅಪ್ಪ ಕೈಯ ಗ್ರೀಸು ಒರೆಸಿಕೊಂಡು ಕುರ್ಚಿ ಹಾಕಿ, "ಕೂತ್ಕಳಿ ಮೇಡಂ, ಟೀ ತರ್ಸ್ತೀನಿ" ಎಂದು ಸಂಭ್ರಮಪಟ್ಟರು. ಮಗಳು ಒಳಗೆ ಹೋದಳು.

"ಮನೇಲಿ ಏನಾದ್ರೂ ತೊಂದರೆ ಇದ್ಯಾ?" ಎಂದು ಕೇಳಿದೆ.

"ಇಲ್ವಲ್ಲ ಮೇಡಂ. ಅವ್ಳಿಗೊಂದ್ ಪೊರಕೆ ಮುಟ್ಟಕ್ಕೂ ಬುಡಲ್ಲ ನಾವು. ಓದ್ಲಿ ಅಂತ. ನಿದ್ದೆ ಒಂದ್ ಮಾಡಲ್ಲ ಅಷ್ಟೇಯ."

"ನಿದ್ದೆ ಮಾಡಲ್ಲ ಅಂದ್ರೆ?"

"ಎರಡು ತಿಂಗ್ಳಾಯ್ತು ಮೇಡಂ. ನನ್ ಮೊಬೈಲ್ ತೊಡೆ ಮೇಲ್ ಮಡಿಕಂಡು ಗೋಡೆಗೊರಗಿ ಕುಂತಿರ್ತಾಳೆ. ಮಲಿಕ್ಕ ಬೇಟಿ ಅಂದ್ರೆ, ಮಲಗ್ಬುಟ್ರೆ ಮಿಸ್ ಫೋನು ಮಿಸ್ಸಾಯ್ತದೆ ಅಬ್ಬಾ ಅಂತಾಳೆ. ನಿಮ್ ಫೋನ್ ಬತ್ತದಲ್ಲ ವತ್ತಾರೆ, ಅದು."

ಅವರು ಮುಂದುವರಿಸಿದರು. ಅವರ ಮುಖದಲ್ಲಿ ದೂರಿನ ಸುಳಿವೂ ಇರಲಿಲ್ಲ.

"ನಾವ್ ಏನೂ ಅನ್ನಕ್ ಓಗ್ಲಿಲ್ಲ ಮೇಡಂ. ಅಷ್ಟ್ ದೊಡ್ಡೋರು ಅಷ್ಟೊತ್ಗೇ ಎದ್ದು ಒಬ್ಬ ಮೆಕ್ಯಾನಿಕ್ ಮಗಳ್ಗೆ ಫೋನ್ ಮಾಡ್ತಾರಲ್ಲ ಅಂತ ನಮ್ಗೇ ಒಂದ್ ಖುಸಿ."

ಟೀ ಬಂತು. ಕುಡಿಯಲಾಗಲಿಲ್ಲ. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಆ ಖುಷಿಯನ್ನು ತಡೆದುಕೊಳ್ಳಲು ನನಗೆ ಸಾಧ್ಯವಾಗಲಿಲ್ಲ.

ಮಂಡ್ಯದ ಆಸ್ಪತ್ರೆಗೆ ತೋರಿಸೋಣ, ಮನಸ್ಸಿನ ಡಾಕ್ಟರಿದ್ದಾರೆ ಎಂದಾಗ ಮಾತ್ರ ಅಪ್ಪನ ಮುಖ ಬಾಡಿತು. "ಅಲ್ಲಿಗಾ? ಯಾರಾರ ನೋಡುದ್ರೆ ಏನಂದಾರು ಮೇಡಂ? ಎಣ್ಮಗ." ತಾಯಿ ಅಷ್ಟರಲ್ಲಿ ಕೆಲಸದಿಂದ ಬಂದವರು ಬಾಗಿಲಲ್ಲಿ ನಿಂತೇ ಎಲ್ಲ ಕೇಳಿಸಿಕೊಂಡಿದ್ದರು. "ನೋಡ್ಕಳ್ಳಿ ಬುಡಿ. ನಾಳೆ ರಜ ಆಕ್ತೀನಿ" ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಮಾರನೆಯ ದಿನ ನಾವು ಮೂವರು ಹೋದೆವು, ತಾಯಿ, ಮಗಳು, ನಾನು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ಹುಡುಗಿಯ ಅಂಕ, ಹಾಜರಿ, ಖಾಲಿ ಪತ್ರಿಕೆ ಎಲ್ಲವನ್ನೂ ವಿವರಿಸತೊಡಗಿದೆ. ಅವರು ಸ್ವಲ್ಪ ಹೊತ್ತು ಕೇಳಿ, "ಅವಳೇ ಹೇಳಲಿ. ನೀವಿಬ್ಬರೂ ಸ್ವಲ್ಪ ಹೊರಗಿರಿ" ಎಂದರು. ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂತೆವು. ಒಳಗಿನಿಂದ ಅವಳ ದನಿ ಕೇಳಿಸುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಬಿಡುವಿಲ್ಲದೆ ಮಾತಾಡುತ್ತಿದ್ದಳು. ಇವಳಿಗೆ ಇಷ್ಟು ಮಾತು ಬರುತ್ತದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ.

ಆಮೇಲೆ ಡಾಕ್ಟರು ನಮ್ಮನ್ನು ಕರೆದು, ಇದು ವಾಸಿಯಾಗುವಂಥದ್ದು, ಮೊದಲು ನಿದ್ದೆ ಸರಿಹೋಗಬೇಕು, ಕೆಲವು ದಿನ ಮಾತ್ರೆ, ವಾರಕ್ಕೊಮ್ಮೆ ಬಂದು ಮಾತಾಡಬೇಕು ಎಂದರು. ನಾವು ಎದ್ದು ಹೊರಟಾಗ ಅವರು ನನ್ನ ಕಡೆ ತಿರುಗಿ ಕೇಳಿದರು: "ಮೇಡಂ, ಗಣಿತ ಬಿಟ್ಟು ಬೇರೆ ಏನಾದ್ರೂ ಇವಳ ಹತ್ರ ಮಾತಾಡಿದ್ದು ಯಾವಾಗ?"

ಯೋಚಿಸಿದೆ. ಮೂರು ವರ್ಷ ನನ್ನ ತರಗತಿಯಲ್ಲಿದ್ದ ಹುಡುಗಿ. ಅಂಥ ಒಂದು ಸಲವೂ ನೆನಪಿಗೆ ಬರಲಿಲ್ಲ.

ಅಂದಿನಿಂದ ಫೋನು ಮಾಡುವುದನ್ನು ನಿಲ್ಲಿಸಿದೆ. ಯಾಕೆ ಎಂದು ಯಾರಿಗೂ ಹೇಳಲಿಲ್ಲ. ನನಗೆ ಹುಷಾರಿಲ್ಲ ಎಂದು ಮಕ್ಕಳೇ ಅಂದುಕೊಂಡರು, ನಾನೂ ಹಾಗೆಯೇ ಅಂದುಕೊಳ್ಳಲು ಬಿಟ್ಟೆ.

ಎರಡು ವಾರ ಕಳೆದಿತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚಿನ ಪೋಷಕರ ಸಭೆ ಹತ್ತಿರ ಬಂತು. ಆ ಸಭೆಯಲ್ಲಿ ಯಾವಾಗಲೂ ನಾವು ಮಾತಾಡುತ್ತೇವೆ, ಪೋಷಕರು ಕೇಳುತ್ತಾರೆ, ಮಕ್ಕಳು ಚಾಪೆಯ ಮೇಲೆ ತಲೆ ತಗ್ಗಿಸಿ ಕೂರುತ್ತಾರೆ. ಈ ಹುಡುಗಿ ಸ್ಟಾಫ್ ರೂಮಿಗೆ ಬಂದು, "ಮಿಸ್, ಸಭೇಲಿ ನಾನು ಐದು ನಿಮಿಷ ಮಾತಾಡ್ಲಾ?" ಎಂದಳು. ಕೈ ಇನ್ನೂ ಸ್ವಲ್ಪ ನಡುಗುತ್ತಿತ್ತು, ಕಣ್ಣು ತಿಳಿಯಾಗಿತ್ತು.

ಏನು ಮಾತಾಡುತ್ತಾಳೆ ಎಂದು ನನಗೆ ಗೊತ್ತಿತ್ತು. "ಏನು ಹೇಳ್ತೀಯೋ ಬರೆದು ತೋರಿಸು" ಎಂದೆ.

"ಬರೆದು ತೋರ್ಸುದ್ರೆ ನೀವು ತಿದ್ತೀರ ಮಿಸ್."

ಒರಟಾಗಿ ಹೇಳಲಿಲ್ಲ. ಇದ್ದದ್ದನ್ನು ಹೇಳಿದಳು. ನಾನು ಮುಖ್ಯೋಪಾಧ್ಯಾಯರ ಹತ್ತಿರ ಹೋಗಿ ಕೇಳಿದೆ. ಶಾಲೆಯ ಮಾನ ಬೀದಿಗೆ ಬರುತ್ತದೆ, ಪರೀಕ್ಷೆ ಹೊತ್ತಿನಲ್ಲಿ ಇದೆಲ್ಲ ಬೇಕಾ ಎಂದು ಅವರು ಸಿಡುಕಿದರು. "ಅವಳು ಹೇಳೋದು ನನ್ನ ಬಗ್ಗೆ ಸಾರ್, ಶಾಲೆ ಬಗ್ಗೆ ಅಲ್ಲ. ನಾನು ಒಪ್ಪಿದ್ದೀನಿ" ಎಂದೆ. ಅವರು ನನ್ನನ್ನೇ ದಿಟ್ಟಿಸಿ ನೋಡಿ, "ನಿಮ್ಮಿಷ್ಟ" ಎಂದರು.

ಸಭೆಯ ದಿನ ಅವಳು ಮೈಕು ಹಿಡಿಯಲಿಲ್ಲ. ಚಾಪೆಯಿಂದ ಎದ್ದು ನಿಂತು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹೇಳಿದಳು. ನಿದ್ದೆ ಬರದೇ ಇದ್ದದ್ದು. ಪ್ರಶ್ನೆಪತ್ರಿಕೆ ನೋಡಿ ಉಸಿರು ಕಟ್ಟಿದ್ದು. ಅಂಚುಗೆರೆ ಎಳೆಯುತ್ತಾ ಕೂತರೆ ಯಾರೂ ಬಂದು ಕೇಳುವುದಿಲ್ಲ ಎಂದು ಎಳೆಯುತ್ತಲೇ ಕೂತದ್ದು. ಎಲ್ಲಕ್ಕೂ ಕೊನೆಗೆ, "ಎರಡನೇ ಬೆಂಚಿಗೆ ಹೋಗ್ಬಿಡ್ತೀನೇನೋ ಅಂತ ಹೆದರಿಕೆ ಆಗ್ತಿತ್ತು. ಒಂದ್ಸಲ, ಬೆಳಿಗ್ಗೆ ಆಗದೇ ಇದ್ರೆ ಸಾಕಪ್ಪ ಅನ್ನಿಸ್ತು" ಎಂದಳು.

ಅವಳ ತಾಯಿ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡರು. ಆ ಕೊನೆಯ ಮಾತು ಅವರಿಗೂ ಹೊಸದು. ನನಗೂ.

ಅವಳು ಚಾಪೆಯ ಕಡೆ ತಿರುಗಿ, "ಫೋನ್ ಬರೋ ಮುಂಚೆನೇ ಎದ್ದು ಕೂತಿರೋರು ಯಾರ್ಯಾರು ಇದ್ರಿ?" ಎಂದಳು. ಒಂದು ಕೈ ಮೇಲೆದ್ದಿತು. ಆಮೇಲೆ ಮೂರು. ಆಮೇಲೆ ಹಿಂದಿನ ಸಾಲಿನವರ ಕೈಗಳು. ನಾನು ಎಣಿಸುವುದನ್ನು ನಿಲ್ಲಿಸಿದೆ.

ಹಿಂದೆ ನಿಂತಿದ್ದ ಒಬ್ಬರು ರೈತರು ಸಿಟ್ಟಾದರು. "ಏನ್ ಮೇಡಂ ಇದು? ನಾವೆಲ್ಲ ಎಮ್ಮೆ ಮೇಯಿಸ್ಕಂಡು ಓದ್ಲಿಲ್ವಾ? ಸದರ ಕೊಟ್ರೆ ಇಂಗೇ ಆಗದು. ಈಗಿನ್ ಉಡುಗ್ರಿಗೆ ಎಲ್ಲಾ ನೆಪ."

ಚಾಪೆಯ ಮೇಲಿಂದ ಒಂದು ಸಣ್ಣ ದನಿ ಬಂತು. ಅವರದೇ ಮಗಳು. "ಅಪ್ಪಾ, ನಾನೂ ಕೈ ಎತ್ತಿವ್ನಿ."

ಅವರು ತಿರುಗಿ ನೋಡಿದರು. ಅವಳ ಕೈ ಇನ್ನೂ ಮೇಲೆಯೇ ಇತ್ತು. "ಇಳ್ಸು ಮಗ, ಇಳ್ಸು" ಎಂದರು. ಈ ಸಲ ದನಿಯಲ್ಲಿ ಸಿಟ್ಟಿರಲಿಲ್ಲ. ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡು, ಸಭೆ ಮುಗಿಯುವವರೆಗೂ ಗೋಡೆಗೊರಗಿ ನಿಂತಿದ್ದರು.

ನಾನು ಎದ್ದು ನಿಂತು ಮಕ್ಕಳ ಮುಂದೆ ತಪ್ಪಾಯಿತು ಎಂದೆ. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಆ ಮಾತನ್ನು ಮಕ್ಕಳಿಗೆ ಹೇಳಿದ್ದು ಅದೇ ಮೊದಲು. ಬಹಳ ಚಿಕ್ಕ ಮಾತು. ಹೇಳಿ ಮುಗಿಸುವಷ್ಟರಲ್ಲಿ ರವಿಕೆಯ ಬೆನ್ನು ಬೆವರಿನಲ್ಲಿ ನೆನೆದಿತ್ತು.

ಈಗ ನಮ್ಮ ಶಾಲೆಯಲ್ಲಿ ಶನಿವಾರ ಕೊನೆಯ ಅವಧಿ ಮಕ್ಕಳದು. ನಾವು ಒಬ್ಬಿಬ್ಬರು ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತೇವೆ. ನಡುವೆ ಬಾಯಿ ಹಾಕುವಂತಿಲ್ಲ ಎನ್ನುವುದು ಅವರೇ ಮಾಡಿದ ನಿಯಮ. ಮೊದಮೊದಲು ಬಿಸಿಯೂಟದ ಸಾರು, ಬಾಗಿಲಿಲ್ಲದ ಶೌಚಾಲಯ ಇಂಥವೇ ಬಂದವು. ಆಮೇಲೆ ಒಂದೊಂದಾಗಿ ಬೇರೆ ಮಾತುಗಳು. ಕೆಲವನ್ನು ಕೇಳಿ ಮನೆಗೆ ಬಂದು ಊಟ ಮಾಡಲಾಗದೆ ಕೂತಿದ್ದೇನೆ. ಇಬ್ಬರನ್ನು ಮತ್ತೆ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೇನೆ. ಬೆಂಚುಗಳಲ್ಲಿ ಈಗ ಯಾರು ಎಲ್ಲಿ ಬೇಕಾದರೂ ಕೂರುತ್ತಾರೆ. ಆ ವರ್ಷದ ಫಲಿತಾಂಶ ಸ್ವಲ್ಪ ಇಳಿಯಿತು. ತಾಲ್ಲೂಕಿನ ಸಭೆಯಲ್ಲಿ ಕಾರಣ ಕೇಳಿದರು. ಹೇಳಿದೆ. ಈ ಸಲ ಚಪ್ಪಾಳೆ ಬೀಳಲಿಲ್ಲ. ಸಭೆ ಮುಗಿದ ಮೇಲೆ ಇಬ್ಬರು ಮೇಡಂಗಳು ನನ್ನನ್ನು ಹೊರಗೆ ಮರದಡಿ ನಿಲ್ಲಿಸಿಕೊಂಡು, ಮಕ್ಕಳು ಏನೇನು ಹೇಳಿದರು ಎಂದು ಮೆಲ್ಲಗೆ ವಿಚಾರಿಸಿದರು.

ಆ ಹುಡುಗಿ ಪರೀಕ್ಷೆ ಬರೆದಳು, ಪಾಸಾದಳು. ಮೊದಲ ಸ್ಥಾನ ಬರಲಿಲ್ಲ. ಈಗ ಮಳವಳ್ಳಿಯಲ್ಲಿ ಅವಳ ಅಮ್ಮನ ತಂಗಿಯ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಾಳೆ. ಹೋದ ತಿಂಗಳು ಒಂದು ಮದುವೆಗೆಂದು ಮಳವಳ್ಳಿಗೆ ಹೋಗಿದ್ದಾಗ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಕೆನ್ನೆ ತುಂಬಿಕೊಂಡಿತ್ತು. ಗೆಳತಿಯರ ಜೊತೆ ಜೋರಾಗಿ ನಗುತ್ತಿದ್ದವಳು ನನ್ನನ್ನು ಕಂಡು ಓಡಿ ಬಂದಳು. ಕಾಲೇಜಿನಲ್ಲೂ ಕೆಲವರು ಸೇರಿ, ವಾರಕ್ಕೊಂದು ದಿನ ಮಾತಾಡಲು ಒಂದು ಕೊಠಡಿ ಕೊಡಿ ಎಂದು ಕೇಳಿದ್ದಾರಂತೆ. ಇನ್ನೂ ಕೊಟ್ಟಿಲ್ಲವಂತೆ. "ಕೊಡೋವರ್ಗೂ ಕೇಳ್ತಿರ್ತೀವಿ ಮಿಸ್" ಎಂದಳು.

"ಸೈನ್ಸ್ ತಗೊಂಡ್ಯಾ?" ಎಂದೆ. ಬಾಯಿ ತಪ್ಪಿ ಬಂದ ಪ್ರಶ್ನೆ.

"ಇಲ್ಲ ಮಿಸ್, ಆರ್ಟ್ಸು. ಗಣಿತ ಬೇಡ ಅನ್ನಿಸ್ತು."

ನನ್ನ ಕಣ್ಣನ್ನೇ ನೋಡುತ್ತಾ ಹೇಳಿದಳು. ಒಂದು ಕಾಲದಲ್ಲಿ, ಎಂಟನೆಯ ತರಗತಿಯಲ್ಲಿ, ನಾನು ಬೋರ್ಡಿನ ಮೇಲೆ ಲೆಕ್ಕ ಬರೆದು ಮುಗಿಸುವ ಮೊದಲೇ ಕುಣಿದುಕೊಂಡು ಉತ್ತರ ಹೇಳುತ್ತಿದ್ದ ಹುಡುಗಿ. "ಹೌದಾ" ಎಂದೆ. ಅಷ್ಟರಲ್ಲಿ ಅವಳ ಬಸ್ಸು ಬಂತು. ಗೆಳತಿಯರು ಕೂಗಿದರು. ಓಡಿ ಹೋಗಿ ಹತ್ತಿಕೊಂಡಳು.